ಸಿಟ್ಟಿಲ್ಲದ ಹಾಲು

“ಏ ಸೀಮೆಹಸು! ಕೆಚ್ಚಲು ಬಿಗಿಯಾಗಿ ಕಟ್ಕೊಂಡು ಬಾರೇ ಅಂತ ಎಷ್ಟು ಸಲ ಬಡ್ಕೊಳ್ಳೋದು ನಿಂಗೆ?”

ಸೂಪರ್‌ವೈಸರ್ ಒಂದು ಬಿಳಿ ಶರ್ಟನ್ನು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ, ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದ. ಶರ್ಟಿನ ಎದೆಯ ಮೇಲೆ, ಮೂರನೆಯ ಗುಂಡಿಯ ಪಕ್ಕಕ್ಕೆ, ಅಂಗೈಯಗಲ ಒದ್ದೆ. ಗುಂಡಿ ಹಚ್ಚುತ್ತಿದ್ದವಳ ರವಿಕೆಯ ಮೇಲೂ ಅಷ್ಟೇ ಅಗಲದ ಎರಡು ಒದ್ದೆ. ಹೀಗಾಗಿ ಕಳ್ಳ ಯಾರು ಎಂದು ಹುಡುಕುವ ಕಷ್ಟ ಯಾರಿಗೂ ಇರಲಿಲ್ಲ.

“ಹೊರದೇಶಕ್ಕೆ ಹೋಗೋ ಮಾಲು ಇದು. ಅಲ್ಲಿ ಯಾವನೋ ದೊಡ್ಡ ಸಾಹೇಬ ಇದನ್ನ ಹಾಕ್ಕೊಂಡು ಮೀಟಿಂಗಲ್ಲಿ ಕೂತಾಗ ಎದೆಯಿಂದ ಹಾಲಿನ ವಾಸನೆ ಹೊಡೆದ್ರೆ ನಾನೇನು ಉತ್ತರ ಕೊಡ್ಲಿ?”

“ಅಮ್ಮನ ನೆನಪಾಗ್ಲಿ ಅಂತ ಹಾಕಿದೀವಿ ಅನ್ನಿ,” ಎಂದಳು ಅವಳು. “ನಿಮಗೂ ಒಂದು ಅಂಥದ್ದೇ ಹೊಲಿದುಕೊಡ್ಲಾ?”

ಇಡೀ ಲೈನಿನ ಹೆಂಗಸರು ಮಿಷನ್ನುಗಳ ಮೇಲೆ ಬಗ್ಗಿ ನಕ್ಕರು. ಸೂಪರ್‌ವೈಸರ್ ಕೊರಳಲ್ಲಿ ನೇತಾಡುತ್ತಿದ್ದ ಶಿಳ್ಳೆಯನ್ನು ಬಾಯಿಗಿಟ್ಟು ಒಮ್ಮೆ ಜೋರಾಗಿ ಊದಿದ. ಊದಿದ ಮೇಲೆ ಮುಂದೇನು ಮಾಡಬೇಕೆಂದು ಅವನಿಗೆ ಎಂದೂ ಹೊಳೆದದ್ದಿಲ್ಲ. ಗೋಡೆಯ ಕಡೆ ಮುಖ ಮಾಡಿ ಅರ್ಧ ಗಂಟೆ ನಿಂತಿರು ಎಂದ. ಅವಳು ನಿಂತಳು. ನಿಂತಲ್ಲೇ ಹಾಲು ಸೋರಿತು.

ಆ ಷೆಡ್ಡಿನಲ್ಲಿ ಹೆಸರಿಗೆ ಕೆಲಸವಿರಲಿಲ್ಲ. ಕಾಲರು ಹೊಲಿಯುವವಳು ಕಾಲರಿನವಳು, ತೋಳು ಕೂರಿಸುವವಳು ತೋಳಿನವಳು, ಜೇಬು ಇಡುವವಳು ಜೇಬಿನವಳು, ಗುಂಡಿ ಹಚ್ಚುವ ಬಾಯಿಬಡುಕಿ ಬಟನಕ್ಕ. ಸೂಪರ್‌ವೈಸರ್ ಎಲ್ಲರ ಬಾಯಲ್ಲೂ ಬರೀ ಶಿಳ್ಳೆ. ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ನಲವತ್ತು ಹೆಂಗಸರು ಸೇರಿ ಶರ್ಟು ಹೊಲಿಯುತ್ತಿದ್ದರು, ಆದರೆ ಇಡೀ ಶರ್ಟನ್ನು ಹೊಲಿಯಲು ಬರುವವಳು ಒಬ್ಬಳೂ ಇರಲಿಲ್ಲ. ಬಚ್ಚಲಿಗೆ ಹೋಗಬೇಕಾದರೆ ಶಿಳ್ಳೆಯ ಕೈಯಿಂದ ಮರದ ಬಿಲ್ಲೆ ಇಸಿದುಕೊಳ್ಳಬೇಕು. ನಲವತ್ತು ಜನಕ್ಕೆ ಬಿಲ್ಲೆ ಒಂದೇ. ಅವರಲ್ಲಿ ಆರು ಜನ ಎದೆಹಾಲಿನ ಬಾಣಂತಿಯರು. ಬಿಲ್ಲೆ ಸಿಕ್ಕಾಗ ಓಡಿಹೋಗಿ, ಬಚ್ಚಲ ಗೋಡೆಗೆ ಎದೆ ಹಿಂಡಿ, ನೀರು ಸುರಿದು ಬರುತ್ತಿದ್ದರು. ಆ ಗೋಡೆಯ ಬುಡದಲ್ಲಿ ಇರುವೆಗಳು ಮಾತ್ರ ದಿನೇ ದಿನೇ ದಷ್ಟಪುಷ್ಟವಾಗುತ್ತಿದ್ದವು.

ಬಟನಕ್ಕನ ಮಗಳಿಗೆ ಆಗಿನ್ನೂ ಎರಡು ತಿಂಗಳು. ಮನೆ ಎರಡು ಬಸ್ಸಿನ ದೂರ. ಹಗಲಿಡೀ ಅತ್ತೆ ಬಾಟಲಿಯಲ್ಲಿ ಪುಡಿ ಹಾಲು ಕುಡಿಸುತ್ತಿದ್ದಳು. ಅದರಿಂದ ಕೂಸಿಗೆ ಬಾಟಲಿಯೇ ರೂಢಿಯಾಗಿ, ಸಂಜೆ ಬಟನಕ್ಕ ಓಡೋಡಿ ಬಂದು ಎದೆಗೆ ಇಟ್ಟುಕೊಂಡರೆ ಮುಖ ಆಚೆ ತಿರುಗಿಸಿ ಕಿರುಚಲು ಶುರುಮಾಡಿತ್ತು. ಷೆಡ್ಡಿನಲ್ಲಿ ಯಾರು ಏನೇ ಅಂದರೂ ಮಾತಿಗೆ ಮಾತು ಕೊಡುತ್ತಿದ್ದ ಬಟನಕ್ಕನಿಗೆ ಆ ಪುಟ್ಟ ಮುಖ ಆಚೆ ತಿರುಗಿದಾಗ ಮಾತ್ರ ಮಾತು ಹೊರಡುತ್ತಿರಲಿಲ್ಲ. ಇನ್ನು ಹದಿನೈದು ದಿನ ಹೀಗೇ ಆದರೆ ಮಗಳು ತನ್ನನ್ನು ಮರೆತೇಬಿಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಹೆದರಿಕೆ ಎಂದರೆ ಏನೆಂದು ಅವಳಿಗೆ ತಿಳಿದದ್ದೇ ಆಗ.

ಹೀಗಿರುವಾಗ ಒಂದು ಬೆಳಗ್ಗೆ ಮಾಲೀಕರ ಉದ್ದನೆಯ ಕಾರು ಷೆಡ್ಡಿನ ಬಾಗಿಲಿಗೇ ಬಂದು ನಿಂತಿತು. ಮೊದಲು ಇಳಿದವರು ಮಾಲೀಕರ ತಾಯಿ ದೊಡ್ಡಮ್ಮಾವ್ರು. ಹಿಂದೆಯೇ ಕೈಯಲ್ಲಿ ತಣ್ಣನೆಯ ಪೆಟ್ಟಿಗೆ ಹಿಡಿದ ಆಸ್ಪತ್ರೆಯ ಸಿಸ್ಟರ್. ಕಾರಿನೊಳಗೆ, ಕಿಟಕಿಯ ಪಕ್ಕ, ಒಬ್ಬ ಎಳೇ ಬಾಣಂತಿ ತಲೆತಗ್ಗಿಸಿ ಕೂತೇ ಇದ್ದಳು. ಅವಳು ಮಾಲೀಕರ ಸೊಸೆ.

ಸಿಸ್ಟರ್ ಹೊಸಬರೇನಲ್ಲ. ತಿಂಗಳ ಹಿಂದೆ ಒಬ್ಬರೇ ಬಸ್ಸಿನಲ್ಲಿ ಬಂದು, ಆಸ್ಪತ್ರೆಯಲ್ಲಿ ಹಾಲಿನ ಬ್ಯಾಂಕಿದೆ, ತೂಕವಿಲ್ಲದೆ ಹುಟ್ಟಿದ ಕೂಸುಗಳಿವೆ, ನಿಮ್ಮ ಹೆಂಗಸರು ಚೆಲ್ಲುವ ಹಾಲು ಕೊಟ್ಟರೆ ಸಾಕು ಎಂದು ಶಿಳ್ಳೆಯನ್ನು ಕೇಳಿಕೊಂಡಿದ್ದರು. “ಇದು ಗಾರ್ಮೆಂಟ್ಸು ಕಣಮ್ಮಾ, ಡೈರಿ ಅಲ್ಲ,” ಎಂದು ಅವನು ಗೇಟಿನಿಂದಲೇ ಅಟ್ಟಿದ್ದ. ಈಗ ಅದೇ ಶಿಳ್ಳೆ ಸಿಸ್ಟರ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

ವಿಷಯ ಇಷ್ಟೇ. ಮಾಲೀಕರಿಗೆ ಮೊಮ್ಮಗ ಹುಟ್ಟಿದ್ದ, ಆದರೆ ಎರಡು ತಿಂಗಳು ಮೊದಲೇ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಸೊಸೆಗೆ ಹಾಲು ಇನ್ನೂ ಇಳಿದಿರಲಿಲ್ಲ. ಎದೆಹಾಲೇ ಆಗಬೇಕು ಎಂದಿದ್ದರು ಡಾಕ್ಟರು. ಬ್ಯಾಂಕಿನ ಹಾಲು ಮುಗಿಯುತ್ತ ಬಂದಿತ್ತು.

“ಮನೇಲಿ ಏನಿದ್ದರೇನು ಬಂತು?” ದೊಡ್ಡಮ್ಮಾವ್ರು ಕಾರಿನ ಕಡೆ ಕೈತೋರಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. “ಇಷ್ಟು ಓದಿದಾಳೆ, ಇಷ್ಟು ಅಲಂಕಾರ ಮಾಡ್ಕೋತಾಳೆ. ಒಂದು ಚಮಚ ಹಾಲಿಲ್ಲ.”

ಕಾರಿನ ಕಿಟಕಿ ಅರ್ಧ ತೆರೆದಿತ್ತು. ಸೊಸೆ ಅದನ್ನು ಮುಚ್ಚಲಿಲ್ಲ, ಕಣ್ಣನ್ನೂ ಎತ್ತಲಿಲ್ಲ. ಬಟನಕ್ಕನಿಗೆ ಆ ಹುಡುಗಿಯ ಮೇಲೆ ಅಯ್ಯೋ ಅನ್ನಿಸಿತು.

ಆರು ಜನರನ್ನು ಸಾಲಾಗಿ ನಿಲ್ಲಿಸಿದರು. ರಕ್ತ ಪರೀಕ್ಷೆಗೆ ಸಿಸ್ಟರ್ ಸೂಜಿ ತೆಗೆದರೆ, ದೊಡ್ಡಮ್ಮಾವ್ರು ತಮ್ಮದೇ ಪರೀಕ್ಷೆ ಆರಂಭಿಸಿದರು. ಅವರು ನೋಡುತ್ತಿದ್ದುದು ಗುಣವನ್ನು. ಹಾಲಿನ ಜೊತೆಗೆ ಕೊಟ್ಟವಳ ಗುಣವೂ ಕೂಸಿನ ಹೊಟ್ಟೆಗೆ ಇಳಿಯುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ.

“ನಿಂಗೆ ಸಿಟ್ಟು ಬರುತ್ತೇನೇ?” ಎಂದು ಜೇಬಿನವಳನ್ನು ಕೇಳಿದರು.

“ಗಂಡ ಕುಡಿದು ಬಂದ್ರೆ ಮಾತ್ರ, ಅಮ್ಮಾವ್ರೇ.”

“ಎಷ್ಟು ಸಲ ಕುಡೀತಾನೆ?”

“ದಿನಾ.”

ಜೇಬಿನವಳು ಪಕ್ಕಕ್ಕೆ ಹೋದಳು. ತೋಳಿನವಳು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆಂದು ಅವಳ ಬಾಯಿಂದಲೇ ಹೊರಬಂದು ಅವಳೂ ಹೋದಳು. ಸರದಿ ಬಟನಕ್ಕನಿಗೆ ಬಂತು.

“ನಿಂಗೆ ಸಿಟ್ಟು ಬರುತ್ತೇನೇ?”

“ಈಗ ಬರ್ತಾ ಇದೆ.”

ಶಿಳ್ಳೆ ಓಡಿಬಂದು, “ಇವಳು ಬೇಡ ಅಮ್ಮಾವ್ರೇ, ಇವಳು ಬಾಯಿ ಬಿಟ್ರೆ ಕೊಚ್ಚೆ. ಇವಳ ಹಾಲು ಕುಡಿದ್ರೆ ಚಿಕ್ಕ ಯಜಮಾನ್ರು ಹುಟ್ಟಿದ ತಿಂಗಳಿಗೇ ನಮ್ಮಪ್ಪನಿಗೆ ಬಯ್ತಾರೆ,” ಎಂದ.

“ನಿಮ್ಮಪ್ಪನಿಗೆ ಬಯ್ಯೋಕೆ ಹಾಲು ಯಾಕೆ ಬೇಕು? ನಿನ್ನ ಮುಖ ನೋಡಿದ್ರೆ ಸಾಕು, ತಾನಾಗೇ ಬರುತ್ತೆ,” ಎಂದಳು ಬಟನಕ್ಕ. ಅವಳ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಆರಿಸಿದ್ದು ಕಾಲರಿನವಳನ್ನು. ಅವಳು ಷೆಡ್ಡಿಗೆ ಬಂದು ಮೂರು ವರ್ಷವಾಗಿದ್ದರೂ ಅವಳ ದನಿ ಹೇಗಿದೆ ಎಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಬೈದರೆ ಅಳುತ್ತಿದ್ದಳು. ಬೈಯದಿದ್ದರೆ, ಇನ್ನು ಬೈಯುತ್ತಾರೇನೋ ಎಂದು ಅಳುತ್ತಿದ್ದಳು. “ಇವಳೇ ಸರಿ,” ಎಂದರು ದೊಡ್ಡಮ್ಮಾವ್ರು ಅವಳ ಗಲ್ಲ ಹಿಡಿದೆತ್ತಿ. “ಸಿಟ್ಟಿಲ್ಲದ ಹಾಲು. ನಮ್ಮ ಮಗುವಿಗೆ ಇವಳದ್ದು ಮಾತ್ರ.”

“ಅಮ್ಮಾ, ನಾವು ಹಾಗೆ ಬೇರೆ ಬೇರೆ ಇಡಲ್ಲ,” ಸಿಸ್ಟರ್ ಹತ್ತಿಯನ್ನು ಒತ್ತಿಹಿಡಿದೇ ಹೇಳಿದರು. “ಪರೀಕ್ಷೆಯಲ್ಲಿ ಸರಿ ಇರೋ ತಾಯಂದಿರ ಹಾಲನ್ನೆಲ್ಲ ಒಂದೇ ಪಾತ್ರೆಗೆ ಸುರೀತೀವಿ, ಬಿಸಿ ಮಾಡ್ತೀವಿ, ತಣ್ಣಗೆ ಮಾಡಿ ಎಲ್ಲಾ ಕೂಸುಗಳಿಗೂ ಕೊಡ್ತೀವಿ. ಹಾಲಲ್ಲಿ ಸಿಟ್ಟೂ ಇರಲ್ಲ, ಶಾಂತೀನೂ ಇರಲ್ಲ.”

“ಅದೆಲ್ಲ ಬೇರೆಯವರ ಮಕ್ಕಳಿಗೆ ಇಟ್ಕೊಳ್ಳಿ,” ಎಂದು ದೊಡ್ಡಮ್ಮಾವ್ರು ಅಲ್ಲೇ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಫೋನು ಹಚ್ಚಿದರು. ಆ ಕಡೆಯಿಂದ ಆಯ್ತು ಆಯ್ತು ಎಂಬ ದನಿ ಕೇಳಿಸಿತು. ದೊಡ್ಡವರಿಗೆ ಆಯ್ತು ಎಂದುಬಿಟ್ಟರೆ ಆಯ್ತು, ಮಾಡುವುದೇನೂ ಬೇಕಿಲ್ಲ ಎಂಬುದು ಆ ಡಾಕ್ಟರಿಗೆ ಗೊತ್ತಿತ್ತು.

ಸಿಸ್ಟರ್ ಬಟನಕ್ಕನನ್ನು ಬಚ್ಚಲ ಬಾಗಿಲಲ್ಲಿ ಹಿಡಿದರು. “ನೀವೂ ಕೊಡಿ ಅಕ್ಕಾ. ಆ ಕಾಲರಿನ ಹುಡುಗಿಗೆ ಬರೋದು ಒಂದು ಟೀ ಲೋಟ. ನಂಗೆ ಹನ್ನೊಂದು ಕೂಸುಗಳಿವೆ. ಯಾರು ಏನಂದ್ರೂ ಪಾತ್ರೆ ಒಂದೇ.”

“ಅಂದ್ರೆ ಶರ್ಟಿನ ಹಾಗೆ,” ಎಂದಳು ಬಟನಕ್ಕ. “ಕಾಲರು ಒಬ್ಬಳದು, ತೋಳು ಒಬ್ಬಳದು. ಹಾಕ್ಕೊಳ್ಳೋನಿಗೆ ಏನು ಗೊತ್ತಾಗುತ್ತೆ!”

ಗೋಡೆಗೆ ಎದೆ ಹಿಂಡುವಾಗಲೆಲ್ಲ ಅವಳಿಗೆ ಮಗಳ ಬಾಯಿಂದ ಕಸಿದು ಚೆಲ್ಲಿದ ಹಾಗೆ ಸಂಕಟವಾಗುತ್ತಿತ್ತು. ಯಾವುದೋ ಒಂದು ಬಾಯಿಗಾದರೂ ಹೋಗಲಿ ಎಂದು ಆರೂ ಜನ ಒಪ್ಪಿಕೊಂಡರು. ಹೊರಗೆ ಕಾರಿನ ಪಕ್ಕ ಹಾದುಹೋಗುವಾಗ ಬಟನಕ್ಕ ಕಿಟಕಿಯತ್ತ ಬಗ್ಗಿ, “ಎರಡು ಹನಿ ಬಂದ್ರೂ ಹಿಂಡೋದು ಬಿಡಬೇಡಿ ತಾಯಿ. ಬಯ್ಯೋರ ಮುಂದೆ ಯಾರಿಗೂ ಹಾಲು ಇಳಿಯಲ್ಲ. ಬಾಗಿಲು ಹಾಕ್ಕೊಂಡು ಹಿಂಡಿ,” ಎಂದಳು. ಸೊಸೆ ಮೊದಲ ಸಲ ಕಣ್ಣೆತ್ತಿ ನೋಡಿದಳು.

ಮನೆಯಲ್ಲಿ ಸಂಜೆ ರಾಮಾಯಣ. ಪಂಕ್ಚರ್ ಅಂಗಡಿಯ ಗಂಡ ಸುದ್ದಿ ಕೇಳಿ ಎದೆ ಸೆಟೆಸಿ ನಿಂತ. “ನನ್ನ ಒಂದು ಮಾತು ಕೇಳದೆ ಕೊಡೋದಾ? ಅದರಲ್ಲಿ ನಂದೂ ಪಾಲಿದೆ.”

“ಇದ್ರೆ ನಿನ್ನ ಪಾಲು ನೀನೇ ಹಿಂಡ್ಕೋ.”

“ಮನೆ ಕೂಸು ಡಬ್ಬಿ ಪುಡಿ ಕುಡೀತಿದೆ, ಇವಳು ಊರ ಕೂಸುಗಳಿಗೆ ಬಾಟ್ಲಿ ತುಂಬಿಸ್ತಾಳಂತೆ,” ಎಂದಳು ಅತ್ತೆ.

“ಅಂಗೈಯಷ್ಟಿದಾವಂತೆ ಅತ್ತೆ. ಉಗುರೇ ಬಂದಿಲ್ಲವಂತೆ. ನಾನು ಅಲ್ಲಿ ಹಿಂಡದಿದ್ರೆ ಹಾಲೇನು ಹಾರಿ ನಿಮ್ಮ ಮನೆಗೆ ಬರುತ್ತಾ?”

ಅತ್ತೆ ದನಿ ತಗ್ಗಿಸಿ ಹೇಳಿದಳು: “ಇವನು ಹುಟ್ಟಿದಾಗ ನಂಗೂ ಹಾಲಿರಲಿಲ್ಲ. ಪಕ್ಕದ ಮನೆಯವಳು ಕುಡಿಸಿದಳು. ಅವಳು ಮಹಾ ಸೋಮಾರಿ. ನೋಡು, ಹಾಗೇ ಆಗಿದಾನೆ.”

ಅಲ್ಲಿಗೆ ಗಂಡನ ಎದೆಯ ಗಾಳಿ ಇಳಿಯಿತು. ಆದರೆ ಆ ಸಂಜೆಯೂ ಮಗಳು ಮುಖ ತಿರುಗಿಸಿಯೇ ಮಲಗಿದಳು.

ಉಪಾಯ ಹೊಳೆದದ್ದು ಮೂರನೆಯ ದಿನ. ಶಿಳ್ಳೆ ಅಭ್ಯಾಸಬಲದಿಂದ ತೋಳಿನವಳಿಗೆ, “ನಿನ್ನ ತಲೇಲಿ ಏನಿದೆ, ಸಗಣಿನಾ?” ಎಂದು ಗದರಿದ. ಪಕ್ಕದ ಮೂಲೆಯಲ್ಲಿ, ಹಾಲು ಹಿಂಡಲು ಸಿಸ್ಟರ್ ಕೊಟ್ಟಿದ್ದ ಪಂಪು ಹಿಡಿದು ಕೂತಿದ್ದ ಕಾಲರಿನವಳು ಬೆಚ್ಚಿಬಿದ್ದಳು, ಅವಳ ಬಾಟಲಿಗೆ ಬೀಳುತ್ತಿದ್ದ ಹಾಲು ನಿಂತೇಹೋಯಿತು. ಸಿಸ್ಟರ್ ಬೇಜಾರಿನಿಂದ, “ಹೆದರಿಸಿದ್ರೆ ಹೀಗೇ. ಮನಸ್ಸು ಮುದುಡಿದ್ರೆ ಹಾಲು ಇಳಿಯಲ್ಲ,” ಎಂದರು. ಬಟನಕ್ಕನ ಕೈಯಲ್ಲಿದ್ದ ಸೂಜಿ ಅರ್ಧದಲ್ಲೇ ನಿಂತಿತು. ಅವಳು ಬಿಲ್ಲೆ ಇಸಿದುಕೊಂಡು ಕಾಲರಿನವಳ ಹತ್ತಿರ ಹಾದುಹೋಗುವಾಗ ಕಿವಿಯಲ್ಲಿ ಎರಡು ಮಾತು ಊದಿದಳು.

ಮಧ್ಯಾಹ್ನ ದೊಡ್ಡಮ್ಮಾವ್ರ ಫೋನು ಬಂತು. ಹಾಲು ಕಮ್ಮಿಯಾದದ್ದೇಕೆ? ಶಿಳ್ಳೆ ಫೋನನ್ನು ಕಾಲರಿನವಳ ಕಿವಿಗೆ ಹಿಡಿದ.

“ಬಯ್ಯೋದು ಕೇಳಿದ್ರೆ... ನಂಗೆ ದುಃಖ ಆಗುತ್ತೆ ಅಮ್ಮಾವ್ರೇ,” ಎಂದಳು ಕಾಲರಿನವಳು. “ನಂಗೆ ಬಯ್ದಿಲ್ಲ. ಬೇರೆಯವರಿಗೆ ಬಯ್ದರೂ ಆಗುತ್ತೆ.”

ಫೋನಿನಿಂದ ಹೊರಟ ಬೈಗುಳ ಪ್ರೆಸ್ಸಿಂಗ್ ಟೇಬಲಿನವರೆಗೂ ಕೇಳಿಸಿತು. ದುಃಖದ ಹಾಲು ಕುಡಿದು ತಮ್ಮ ವಂಶದ ಕುಡಿ ಅಳುಮುಂಜಿಯಾದರೆ ಶಿಳ್ಳೆಯ ಚರ್ಮ ಸುಲಿಸುವುದಾಗಿ ದೊಡ್ಡಮ್ಮಾವ್ರು ಹೇಳಿದರು. ಅಂದು ಸಂಜೆ ಶಿಳ್ಳೆಯ ಕೊರಳಿನಿಂದ ಶಿಳ್ಳೆ ಇಳಿಯಿತು. ಆದರೂ ಹೆಸರು ಹೋಗಲಿಲ್ಲ.

ಆಮೇಲೆ ಕಾಲರಿನವಳ ದುಃಖಗಳಿಗೆ ಲೆಕ್ಕವಿಲ್ಲ. ಒಂದೊಂದನ್ನೂ ಬಟನಕ್ಕ ಬಚ್ಚಲ ಬಾಗಿಲಲ್ಲಿ ಹೇಳಿಕೊಡುತ್ತಿದ್ದಳು, ಅವಳು ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು. ಜನ ಬಿಲ್ಲೆಗೆ ಕಾಯುವುದನ್ನು ನೋಡಿದರೆ ದುಃಖ ಎಂದಳು, ಮಾರನೆಯ ದಿನದಿಂದ ಬಚ್ಚಲಿಗೆ ಯಾರು ಯಾವಾಗ ಬೇಕಾದರೂ ಹೋಗಬಹುದಾಯಿತು. ತಿರುಗದ ಫ್ಯಾನು ನೋಡಿದರೆ ದುಃಖ ಎಂದಳು, ಮೂರು ವರ್ಷದಿಂದ ಕೆಟ್ಟುನಿಂತಿದ್ದ ಫ್ಯಾನು ತಿರುಗಿತು. ಬರೀ ದುಃಖವಿಲ್ಲದಿದ್ದರೆ ಸಾಲದು, ಖುಷಿಯೂ ಬೇಕು ಎಂದು ದೊಡ್ಡಮ್ಮಾವ್ರು ತಾವಾಗಿಯೇ ಅಪ್ಪಣೆ ಮಾಡಿದ್ದರಿಂದ, ದಿನಾ ಹತ್ತು ಗಂಟೆಗೆ ಶಿಳ್ಳೆ ಫೋನು ನೋಡಿಕೊಂಡು ಜೋಕು ಓದಬೇಕಾಗಿ ಬಂತು.

“ಒಬ್ಬ ಗುಂಡ ಡಾಕ್ಟರ ಹತ್ರ ಹೋದನಂತೆ...” ಎಂದು ಅವನು ಕೈದಿಯ ಹಾಗೆ ನಿಂತು ಓದುತ್ತಿದ್ದ. ನಲವತ್ತು ಹೆಂಗಸರೂ ಕಲ್ಲುಮುಖ ಮಾಡಿಕೊಂಡು ಕೇಳುತ್ತಿದ್ದರು. ಯಾರೂ ನಗಬಾರದೆಂದು ಬಟನಕ್ಕನ ಕಟ್ಟಪ್ಪಣೆ.

“ನಗ್ರೇ ಬೋಳಿಮಕ್ಳಾ,” ಎಂದು ಅವನು ಹಲ್ಲು ಕಚ್ಚಿ ಹೇಳಿ, ತಟ್ಟನೆ ಕಾಲರಿನವಳ ಕಡೆ ನೋಡಿ, “ಪ್ರೀತಿಯಿಂದ ಹೇಳಿದ್ದು,” ಎನ್ನುತ್ತಿದ್ದ. ಆಗ ಮಾತ್ರ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಎರಡನೆಯ ವಾರ ಬಟನಕ್ಕ ತನಗೆ ಬೇಕಾದ್ದನ್ನೇ ಹೇಳಿಕೊಟ್ಟಳು. ಇದೊಂದು ನಡೆಯದಿದ್ದರೆ ಉಳಿದದ್ದೆಲ್ಲ ನಡೆದೂ ಅವಳಿಗೆ ಏನೂ ಇರಲಿಲ್ಲ. ಮಗು ನೆನಪಾದರೆ ದುಃಖವಾಗುತ್ತದೆ, ಮಗು ಪಕ್ಕದಲ್ಲಿದ್ದರೆ ಹಾಲು ತಾನಾಗೇ ಇಳಿಯುತ್ತದೆ ಎಂದು ಕಾಲರಿನವಳು ಒಪ್ಪಿಸಿದಳು. ಅದು ನಿಜ ಎಂದು ಸಿಸ್ಟರೂ ಗೋಣು ಹಾಕಿದರು.

“ಸರಿ, ನಿನ್ನ ಮಗು ಒಂದನ್ನ ತಗೊಂಡು ಬಾ,” ಎಂದ ಶಿಳ್ಳೆ.

ಇಲ್ಲಿ ಹೇಳಿಕೊಟ್ಟ ಪಾಠ ಮುಗಿದಿತ್ತು. ಕಾಲರಿನವಳು ಸ್ವಲ್ಪ ಯೋಚಿಸಿ ತಾನಾಗಿಯೇ ಹೇಳಿದಳು: “ನನ್ನ ಮಗು ಮಾತ್ರ ಬಂದ್ರೆ ಉಳಿದವರ ಮುಖ ನೋಡಿ ನಂಗೆ ಇನ್ನೂ ಜಾಸ್ತಿ ಅಳು ಬರುತ್ತೆ.”

ಚೂರು ಬಟ್ಟೆ ತುಂಬಿಡುತ್ತಿದ್ದ ಕೋಣೆ ಖಾಲಿಯಾಯಿತು. ಶರ್ಟು ತುಂಬುವ ರಟ್ಟಿನ ಪೆಟ್ಟಿಗೆಗಳಿಗೆ ಚೂರುಬಟ್ಟೆ ಹಾಸಿ ಆರು ಮಕ್ಕಳನ್ನು ಮಲಗಿಸಿದರು. ಒಂದೊಂದು ಪೆಟ್ಟಿಗೆಯ ಮೇಲೂ ‘ಮೊದಲ ದರ್ಜೆ ಮಾಲು’ ಎಂದು ಅಚ್ಚಾಗಿತ್ತು. ಮೂರು ದಿನ ಬಟನಕ್ಕನ ಮಗಳು ಎದೆಗೆ ಒಡ್ಡಿದರೆ ಬೆನ್ನು ಬಾಗಿಸಿ ಅತ್ತಳು. ನಾಲ್ಕನೆಯ ದಿನ, ಹನ್ನೊಂದು ಗಂಟೆಗೆ, ಅಳುವ ನಡುವೆಯೇ ಒಮ್ಮೆ ಬಾಯಿ ಹಾಕಿದಳು, ಅನುಮಾನದಿಂದ ನಿಂತಳು, ಆಮೇಲೆ ಹಿಡಿದೇ ಹಿಡಿದಳು. ಬಟನಕ್ಕ ಯಾರಿಗೋ ಬಯ್ಯಲು ಬಾಯಿ ತೆರೆದವಳು ಅಲ್ಲೇ ಗೊಳೋ ಎಂದು ಅತ್ತಳು. ಸಂತೋಷಕ್ಕೆ ಅಳು ಬರುತ್ತದೆಂದು ಕೇಳಿದ್ದಳು, ತನಗೇ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಆರು ವಾರಕ್ಕೆ ಮಾಲೀಕರ ಮೊಮ್ಮಗ ಆಸ್ಪತ್ರೆಯಿಂದ ಮನೆಗೆ ಹೋದ. ಆ ಹೊತ್ತಿಗೆ ಸೊಸೆಗೇ ಹಾಲು ಇಳಿದಿತ್ತು. ಸಿಸ್ಟರ್ ಮಾತ್ರ ಉಳಿದ ಕೂಸುಗಳಿಗಾಗಿ ಎಂದಿನಂತೆ ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಶಿಳ್ಳೆ ಮತ್ತೆ ಶಿಳ್ಳೆಯನ್ನು ಒರೆಸಿಟ್ಟುಕೊಂಡ, ಆದರೆ ಊದುವಂತಿರಲಿಲ್ಲ. ಕುಡಿದ ಹಾಲು ಮೈಗೆ ಹತ್ತಿ ರಕ್ತವಾಗಲು ಇನ್ನೂ ಒಂದು ತಿಂಗಳು ಬೇಕು, ಅಲ್ಲಿಯವರೆಗೆ ಇಲ್ಲಿ ಕಾಲರಿನವಳಿಗೆ ಸಿಟ್ಟು ಬಂದರೆ ಅಲ್ಲಿ ಕೂಸಿನ ಹೊಟ್ಟೆಯಲ್ಲಿ ಹಾಲು ಒಡೆಯುತ್ತದೆ ಎಂದು ದೊಡ್ಡಮ್ಮಾವ್ರು ವಾಯಿದೆ ಹಾಕಿದ್ದರು.

ಕಾರಿನ ಡ್ರೈವರು ಟೀ ಕುಡಿಯಲು ಬಂದಾಗ ಮನೆಯ ಸುದ್ದಿ ತರುತ್ತಿದ್ದ. “ಆ ಕೂಸೋ, ಅಬ್ಬಬ್ಬಾ! ಅತ್ತರೆ ಗಾಜು ಅದರುತ್ತೆ. ಮುಷ್ಟಿ ಕಟ್ಕೊಂಡು ಒದೀತದೆ. ಆದ್ರೆ ದೊಡ್ಡಮ್ಮಾವ್ರಿಗೆ ಯಾರು ಹೇಳ್ತಾರೆ? ಅತ್ತಾಗಲೆಲ್ಲ ಆಯಾ ಅದನ್ನ ಎತ್ಕೊಂಡು ಹಿತ್ತಲಿಗೆ ಓಡ್ತಾಳೆ. ನಿದ್ದೆ ಬಂದ ಮೇಲೆ ತಂದು ಅವರ ತೊಡೆ ಮೇಲೆ ಮಲಗಿಸ್ತಾಳೆ. ‘ನೋಡಿ ನಮ್ಮ ಕೂಸು ಎಷ್ಟು ಶಾಂತ, ಎಂಥ ಹಾಲು ಆರಿಸಿದೆ ನಾನು’ ಅಂತ ಬಂದವರಿಗೆಲ್ಲ ತೋರಿಸ್ತಾರೆ.”

ಆ ಒಂದು ತಿಂಗಳೂ ತುಂಬಿತು. ತುಂಬಿದ ದಿನವೇ ಬಾಗಿಲಲ್ಲಿ ಶಿಳ್ಳೆ ಊದಿದ. ಊದಿ ಊದಿ ಎರಡೂವರೆ ತಿಂಗಳ ಬಾಕಿ ತೀರಿಸಿಕೊಂಡ.

“ಕೇಳ್ರೇ! ನಾಳೆ ಚಿಕ್ಕ ಯಜಮಾನ್ರನ್ನ ಷೆಡ್ಡು ತೋರಿಸೋಕೆ ಕರ್ಕೊಂಡು ಬರ್ತಾರೆ. ಆ ಕೋಣೇಲಿ ದೊಡ್ಡಮ್ಮಾವ್ರು ಕೂತ್ಕೋಬೇಕು, ಸೋಫಾ ಬರುತ್ತೆ. ನಿಮ್ಮ ಪಿಳ್ಳೆಗಳು ನಾಳೆಯಿಂದ ಗೇಟೊಳಗೆ ಕಾಲಿಡಕೂಡದು. ನಾಳೆಯಿಂದ ಅಂದ್ರೆ ನಾಳೆಯಿಂದ ಯಾವತ್ತೂ. ಬಚ್ಚಲ ಬಿಲ್ಲೆ ಮತ್ತೆ ನನ್ನ ಹತ್ರಾನೇ.”

“ನಂಗೆ ದುಃಖ ಆಗುತ್ತೆ,” ಎಂದಳು ಕಾಲರಿನವಳು.

“ಆಗ್ಲಿ. ಅಳು. ನಿನ್ನ ಹಾಲು ಯಾರಿಗೆ ಬೇಕೀಗ?”

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಸಂಜೆ ಆ ಆರು ಜನ ಗೇಟಿನಾಚೆ ಮಕ್ಕಳನ್ನು ಎತ್ತಿಕೊಂಡು ನಿಂತರು. ಜೇಬಿನವಳು, ಆಸ್ಪತ್ರೆಗೆ ಹಾಲು ಕೊಡುವುದನ್ನೇ ನಿಲ್ಲಿಸಿಬಿಡೋಣ, ಆಗ ಬುದ್ಧಿ ಬರುತ್ತದೆ ಎಂದಳು. “ಅಂಗೈಯಷ್ಟಿರೋ ಕೂಸುಗಳು ನಿಂಗೇನು ಮಾಡಿದ್ವೇ?” ಎಂದು ಬಟನಕ್ಕ ಗದರಿದಳು. ಮಗಳು ಅವಳ ಎದೆಗೆ ಅಂಟಿಕೊಂಡು ನಿದ್ದೆ ಮಾಡುತ್ತಿದ್ದಳು. ಮತ್ತೆ ಆ ಮುಖ ಆಚೆ ತಿರುಗುವುದನ್ನು ನೋಡಲು ತನ್ನಿಂದಾಗದು ಎಂದಷ್ಟೇ ಅವಳಿಗೆ ಗೊತ್ತಿತ್ತು. “ನಾಳೆ ಎಲ್ಲರೂ ಮಕ್ಕಳನ್ನ ತಗೊಂಡೇ ಬರ್ರೇ,” ಎಂದಳು. “ಕೋಣೆಗೆ ಬೀಗ ಹಾಕ್ಲಿ. ಜಾಗಕ್ಕೇನು ಬರ?”

ಮರುದಿನ ಗೇಟಿನ ಕಾವಲುಗಾರ ಅಡ್ಡ ಬಂದ. ಆರು ಹೆಂಗಸರು ಆರು ಕೂಸುಗಳನ್ನು ಅವನ ಮುಖಕ್ಕೆ ಒಡ್ಡಿ, ಹಿಡ್ಕೋ ಎಂದರು. ಅವನು ಪಕ್ಕಕ್ಕೆ ಸರಿದ. ಷೆಡ್ಡಿನ ನಟ್ಟನಡುವೆ ಕಟಿಂಗ್ ಟೇಬಲ್ಲು. ಅದರ ಮೇಲೆ ಹೊರದೇಶದ ಮಾಲಿನ ಬಿಳಿ ಬಟ್ಟೆ ಪದರ ಪದರವಾಗಿ ಹಾಸಿತ್ತು. ಅದನ್ನು ಕತ್ತರಿಸಿದ ಮೇಲೆಯೇ ಉಳಿದವರಿಗೆ ಕೆಲಸ. ಬಟನಕ್ಕ ಮಗಳನ್ನು ಬಿಳಿ ಚೂರುಬಟ್ಟೆಯಲ್ಲಿ ಕೊರಳವರೆಗೆ ಸುತ್ತಿ ಆ ಹಾಸಿನ ಮೇಲೆ ಮಲಗಿಸಿದಳು. ಅವಳ ಪಕ್ಕ ಕಾಲರಿನವಳ ಮಗು, ಅದರ ಪಕ್ಕ ಜೇಬಿನವಳದು. ಆರೂ ಮಕ್ಕಳು ಅಂಥದ್ದೇ ಬಿಳಿ ಬಟ್ಟೆ ಸುತ್ತಿಕೊಂಡು ಸಾಲಾಗಿ ಮಲಗಿದವು.

ಕಟಿಂಗ್ ಮಾಸ್ಟರ್ ಮಿಷನ್ನಿನ ಗುಂಡಿಯ ಮೇಲಿಂದ ಕೈ ತೆಗೆದ. ಅವನಿಗೂ ಮನೆಯಲ್ಲಿ ಇಬ್ಬರಿದ್ದರು.

“ಎತ್ರೇ! ಎತ್ರೇ ಅವುಗಳನ್ನ!” ಶಿಳ್ಳೆ ಬಾಯಲ್ಲಿ ಶಿಳ್ಳೆ ಇಟ್ಟುಕೊಂಡೇ ಕೂಗಿದ್ದರಿಂದ ಅರ್ಧ ಮಾತು ಪೀಪಿಯಾಯಿತು. ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಅವನು ಅತ್ತ ಓಡಿದ.

ಮಾಲೀಕರು, ದೊಡ್ಡಮ್ಮಾವ್ರು, ಫೋಟೋದವನು, ಹಿಂದೆ ಮಗುವನ್ನೆತ್ತಿಕೊಂಡ ಸೊಸೆ. ಫೋಟೋ ಚೆನ್ನಾಗಿ ಬರಲೆಂದು ಆಯಾಳನ್ನು ಮನೆಯಲ್ಲೇ ಬಿಟ್ಟುಬಂದಿದ್ದರು. ಮಗುವಿಗೆ ಜರಿಯಂಚಿನ ಮಖಮಲ್ಲು ಅಂಗಿ. ಬಾಗಿಲಲ್ಲೇ ಎರಡು ಫೋಟೋ ತೆಗೆದರು. ಮೂರನೆಯದಕ್ಕೆ ಮಗು ಮಖಮಲ್ಲನ್ನೆಲ್ಲ ತೋಯಿಸಿಬಿಟ್ಟಿತು.

“ಬದಲಾಯಿಸಿ ತಾ. ಅಷ್ಟೂ ಬರಲ್ವಾ ನಿಂಗೆ?” ಎಂದು ಸೊಸೆಗೆ ಹೇಳಿ ದೊಡ್ಡಮ್ಮಾವ್ರು ಸೋಫಾ ನೋಡಲು ಬಾಗಿಲ ಪಕ್ಕದ ಕೋಣೆಗೆ ನಡೆದರು. ಮಾಲೀಕರು ಅವರ ಹಿಂದೆ, ಶಿಳ್ಳೆ ಇಬ್ಬರ ಹಿಂದೆ.

ಸೊಸೆ ಬದಲಿ ಬಟ್ಟೆಯ ಚೀಲವನ್ನು ಕಾರಿನಲ್ಲೇ ಬಿಟ್ಟಿದ್ದಳು. ಬಟನಕ್ಕ ಚೂರುಬಟ್ಟೆಯ ಮೂಟೆಯಿಂದ ಒಂದು ಬಿಳಿ ತುಂಡು ಎಳೆದುಕೊಟ್ಟಳು. ಇಬ್ಬರೂ ಸೇರಿ ಸುತ್ತಿದರು. ಸೊಸೆ ಟೇಬಲಿನ ಕಡೆ ನೋಡಿದಳು, ಸಾಲಾಗಿ ಮಲಗಿದ್ದ ಆರು ಮಕ್ಕಳನ್ನು ನೋಡಿದಳು. ಯಾಕೆ ಇಲ್ಲಿ ಮಲಗಿಸಿದ್ದೀರಿ ಎಂದು ಕೇಳಿದಳು.

“ನಿಮ್ಮ ಸೋಫಾಗೆ ಜಾಗ ಬೇಕಿತ್ತಲ್ಲ ತಾಯಿ,” ಎಂದಳು ಬಟನಕ್ಕ. “ಇವತ್ತಿಂದ ಇವು ಗೇಟಾಚೆ. ಇವರ ಅಮ್ಮಂದಿರ ಹಾಲು ಕುಡಿದವನು ಮಾತ್ರ ಗೇಟೀಚೆ.”

“ಎಲ್ಲರ ಹಾಲಾ?”

“ಪಾತ್ರೆ ಒಂದೇ ಅಲ್ವಾ? ನಂದೂ ಇದೆ. ಅದಕ್ಕೇ ಅಂತ ಕಾಣುತ್ತೆ, ಹಂಗೆ ಒದೀತಿದಾನೆ.”

ಸೊಸೆ ತನ್ನ ಮಗುವನ್ನು ತಾನೇ ಆ ಸಾಲಿನಲ್ಲಿ, ತೋಳಿನವಳ ಮಗುವಿನ ಪಕ್ಕ ಮಲಗಿಸಿದಳು. ಮಲಗಿಸಿದ್ದೇ ತಡ, ಅದು ಮುಖ ಕೆಂಪಗೆ ಮಾಡಿಕೊಂಡು ಷೆಡ್ಡಿನ ತಗಡು ಹಾರುವ ಹಾಗೆ ಅಳಲು ಶುರುಮಾಡಿತು. ಅದನ್ನು ಕೇಳಿ ಇನ್ನೂ ಐದು ಅತ್ತವು. ಕಾಲರಿನವಳು ತನ್ನದನ್ನು ಎತ್ತಿ ತಟ್ಟಿ, ಅಳು ನಿಲ್ಲದ್ದಕ್ಕೆ ಇನ್ನೊಂದು ತುದಿಗೆ ಮಲಗಿಸಿದಳು, ಜೇಬಿನವಳು ಖಾಲಿ ಜಾಗಕ್ಕೆ ತನ್ನದನ್ನು ಸರಿಸಿದಳು.

ಗಲಾಟೆಗೆ ಎಲ್ಲರೂ ಓಡಿಬಂದರು. ಟೇಬಲಿನ ಮೇಲೆ ಏಳು ಮಕ್ಕಳು, ಏಳಕ್ಕೂ ಒಂದೇ ಬಿಳಿ ಬಟ್ಟೆ. ಹೆಂಗಸರ ಮಕ್ಕಳು ವಯಸ್ಸಿನಲ್ಲಿ ದೊಡ್ಡವಾದರೂ ಗಾತ್ರದಲ್ಲಿ ಹೆಚ್ಚೇನೂ ಮುಂದೆ ಹೋಗಿರಲಿಲ್ಲ.

“ಮಗು ಎಲ್ಲಿ?” ಎಂದರು ಮಾಲೀಕರು.

“ಇಲ್ಲೇ ಮಲಗಿಸಿದೆ ಮಾವ,” ಎಂದಳು ಸೊಸೆ.

“ನಮ್ಮದನ್ನ ಎತ್ಕೊಂಡು, ಈ ಕಸ ಎಲ್ಲಾ ಹೊರಗೆ ಹಾಕೋ,” ಎಂದು ದೊಡ್ಡಮ್ಮಾವ್ರು ಶಿಳ್ಳೆಗೆ ಹೇಳಿದರು. ಶಿಳ್ಳೆ ಟೇಬಲಿನ ಉದ್ದಕ್ಕೂ ಒಮ್ಮೆ ಹೋದ, ಒಮ್ಮೆ ಬಂದ. ಅವನ ಹಣೆಯಲ್ಲಿ ಬೆವರು. ತಪ್ಪಿ ಚಿಕ್ಕ ಯಜಮಾನರನ್ನೇ ಗೇಟಾಚೆ ಹಾಕಿಬಿಟ್ಟರೆ? ಅವನು ಮಾಲೀಕರ ಕಡೆ ನೋಡಿದ. ನಿದ್ದೆಯಲ್ಲಿದ್ದ ಮೊಮ್ಮಗನನ್ನಷ್ಟೇ ಕಂಡಿದ್ದ ಮಾಲೀಕರು ತಾಯಿಯ ಕಡೆ ನೋಡಿದರು.

“ಥೂ, ಮೊದ್ದುಮುಂಡೇದೇ. ಇದಕ್ಕೆ ಹುಡುಕಬೇಕಾ?” ದೊಡ್ಡಮ್ಮಾವ್ರು ಮುಂದೆ ಬಂದರು. ಆರು ಮಕ್ಕಳು ಬಾಯಿ ಹರಿಯುವ ಹಾಗೆ ಅಳುತ್ತಿದ್ದವು. ಒಂದು ಮಾತ್ರ, ಈ ಸಂತೆಗೂ ತನಗೂ ಸಂಬಂಧವಿಲ್ಲ ಎನ್ನುವ ಹಾಗೆ, ಹೊಟ್ಟೆ ತುಂಬಿ ಗಾಢನಿದ್ದೆಯಲ್ಲಿತ್ತು. ದೊಡ್ಡಮ್ಮಾವ್ರು ಅದನ್ನು ಎತ್ತಿ ಎದೆಗೊತ್ತಿಕೊಂಡು ಹಣೆಗೆ ಮುತ್ತಿಟ್ಟರು. “ನೋಡ್ಕೊಳ್ಳಿ. ಸಿಟ್ಟಿಲ್ಲದ ಹಾಲು ಕುಡಿದ ಕೂಸು ಅಂದ್ರೆ ಇದು. ನಮ್ಮ ವಂಶದ ಗಾಂಭೀರ್ಯ. ಫೋಟೋ ತೆಗಿಯೋ.”

ಫೋಟೋದವನು ತೆಗೆದ.

“ಜೋಪಾನ ಅಮ್ಮಾವ್ರೇ,” ಎಂದಳು ಬಟನಕ್ಕ. “ನಿದ್ದೇಲಿ ಅವಳಿಗೆ ಕುತ್ತಿಗೆ ಕೆಳಗೆ ಕೈ ಕೊಡಬೇಕು. ಅದು ನನ್ನ ಮಗಳು.”

ದೊಡ್ಡಮ್ಮಾವ್ರು ಬಟ್ಟೆ ಸರಿಸಿ ನೋಡಿದರು. ನೋಡಿ, ಮುತ್ತಿಟ್ಟ ಬಾಯನ್ನು ಸೆರಗಿನಿಂದ ಒರೆಸಿಕೊಂಡರು. ನಲವತ್ತು ಹೆಂಗಸರಲ್ಲಿ ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು, ಆಮೇಲೆ ತಡೆಯಲು ಯಾರಿಂದಲೂ ಆಗಲಿಲ್ಲ. ಬಟನಕ್ಕ ಮಾತ್ರ ನಗದೆ ಎರಡೂ ಕೈ ಚಾಚಿ ಮಗಳನ್ನು ಇಸಿದುಕೊಂಡು ಮತ್ತೆ ಟೇಬಲಿನ ಮೇಲೆ, ಅದೇ ಜಾಗದಲ್ಲಿ ಮಲಗಿಸಿದಳು.

“ಎಲ್ಲಾ ಬಿಚ್ಚಿ ನೋಡೋ!” ಎಂದು ದೊಡ್ಡಮ್ಮಾವ್ರು ಕಿರುಚಿದರು. ಶಿಳ್ಳೆ ಬಿಚ್ಚಿ ನೋಡಿದ. ಗಂಡುಮಕ್ಕಳು ನಾಲ್ಕಿದ್ದವು. ನಾಲ್ಕನೆಯದು ಅವನ ಅಂಗಿಯ ಮೇಲೆ ನೇರವಾಗಿ ಗುರಿಯಿಟ್ಟಿತು.

“ಏನೇ, ನೀನು ಹೆತ್ತವಳಲ್ವಾ? ಬಾಯಿ ಬಿಡು!” ಎಂದರು ದೊಡ್ಡಮ್ಮಾವ್ರು ಸೊಸೆಗೆ. “ಯಾವುದೇ ನಮ್ಮದು?”

ಸೊಸೆ ಟೇಬಲಿನ ಹತ್ತಿರ ಬಂದಳು. ಸಾಲಿನ ಐದನೆಯ ಕೂಸು ಮುಷ್ಟಿ ಕಟ್ಟಿ, ಕಾಲು ಝಾಡಿಸಿ, ಬಟ್ಟೆ ಕಿತ್ತೆಸೆದು, ಯಾರಿಗೋ ಶಾಪ ಹಾಕುವ ಹಾಗೆ ಅರಚುತ್ತಿತ್ತು. ಅವಳು ಅದರ ಮುಂದೆಯೇ ನಿಂತಳು. ಅವಳ ರವಿಕೆಯ ಮೇಲೆ ಎರಡು ಒದ್ದೆ ಕಲೆ ಮೂಡಿ ನಿಧಾನವಾಗಿ ಹರಡುತ್ತಿದ್ದುದನ್ನು ಬಟನಕ್ಕ ನೋಡಿದಳು.

“ನಂಗೂ ಗೊತ್ತಾಗ್ತಾ ಇಲ್ಲ ಅಮ್ಮಾ,” ಎಂದಳು ಸೊಸೆ. “ಗೊತ್ತಾಗೋವರೆಗೂ ಯಾವ ಮಗುವನ್ನೂ ಹೊರಗೆ ಹಾಕಬೇಡಿ.”

ಹಾಗೆಂದು ಅವಳು ಕಾಲರಿನವಳ ಸ್ಟೂಲನ್ನು ಎಳೆದುಕೊಂಡು ಟೇಬಲಿನ ಪಕ್ಕ ಕೂತಳು.